ಉತಾರ ಯಾರ ಹೆಸರಿಲೆ ಐತಿ?

ನನಗೆ ನಲವತ್ನಾಲ್ಕು ವರ್ಷ, ಮತ್ತು ನಾನು ವಿಡಿಯೋ ಗೇಮ್ ಆಡುತ್ತೇನೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿದರೆ ನಮ್ಮ ಕನ್ನಡ ಸಂಘದ ಹಿರಿಯರ ಮುಖದ ಮೇಲೆ ಒಂದು ಬಗೆಯ ಕನಿಕರ ಮೂಡುತ್ತದೆ. ಒಂದು ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ಒಬ್ಬ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು, "ಎಷ್ಟ್ ಹೋತಪಾ ರೊಕ್ಕ?" ಎಂದು ಮೆಲ್ಲಗೆ ಕೇಳಿದರು. ತಪ್ಪು ಅವರದಲ್ಲ. ಪತ್ರಿಕೆಗಳಲ್ಲಿ 'ಗೇಮಿಂಗ್' ಅಂದರೆ ರಮ್ಮಿ, ಬೆಟ್ಟಿಂಗ್, ಸಾಲ ಮಾಡಿ ಊರು ಬಿಟ್ಟ ಹುಡುಗರು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿದಾಗ ಊರಿನಿಂದ ನನಗೆ ಎರಡು ಫೋನು ಬಂದವು, ಇನ್ನು ನಿನ್ನ ಗತಿ ಏನು ಅಂತ. ಆ ಕಾಯ್ದೆಯೇ ದುಡ್ಡಿನ ಆಟ ಬೇರೆ, ಇ-ಸ್ಪೋರ್ಟ್ಸ್ ಬೇರೆ, ಸುಮ್ಮನೆ ಆಡುವ ಆಟ ಬೇರೆ ಎಂದು ಮೂರು ಡಬ್ಬಿ ಮಾಡಿದೆ. ನಾನು ಮೂರನೇ ಡಬ್ಬಿಯ ಪ್ರಯಾಣಿಕ. ಕತ್ತಿ, ಕಾಡು, ಕಾರು, ಹೊಲ, ಮೀನು ಹಿಡಿಯುವುದು, ಇವು ನನ್ನ ಆಟಗಳು. ರೊಕ್ಕ ಹೋಗುವುದು ಕೊಳ್ಳುವಾಗ ಮಾತ್ರ.

ಆದರೂ ಕಾಕಾ ಕೇಳಿದ್ದು ಇನ್ನೊಂದು ರೀತಿಯಲ್ಲಿ ತಲೆಯಲ್ಲಿ ಉಳಿಯಿತು. ರೊಕ್ಕ ಕೊಡುತ್ತೇನೆ, ಸರಿ. ಕೊಟ್ಟು ತರುತ್ತಿರುವುದು ಏನನ್ನು?

ಡೊಂಬಿವಲಿಯ ನಮ್ಮ ಬಾಡಿಗೆ ಮನೆಯ ಕಪಾಟಿನ ಮೇಲಿನ ಖಾನೆಯಲ್ಲಿ ಐವತ್ತಾರು ಡಿಸ್ಕುಗಳಿವೆ. ಪಿಎಸ್2, ಪಿಎಸ್3, ಪಿಎಸ್4, ಪಿಎಸ್5, ನಾಲ್ಕು ತಲೆಮಾರಿನವು. ನಾನು ಮುಂಬಯಿಗೆ ಬಂದಿದ್ದು 2005ರಲ್ಲಿ. ಅಲ್ಲಿಂದ ಇಲ್ಲಿಗೆ ಆರು ಮನೆ ಬದಲಾಯಿಸಿದ್ದೇನೆ. ಆರು ಸಲವೂ ಈ ಡಿಸ್ಕುಗಳು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿ, ಟೆಂಪೋದಲ್ಲಿ ನನ್ನ ಕಾಲ ಬಳಿ ಕೂತು ಬಂದಿವೆ. ಇವುಗಳ ಗುಣವೆಂದರೆ ಇವು ನನ್ನವು. ಆಫೀಸಿನ ಗೆಳೆಯನಿಗೆ ಎರಡು ವಾರಕ್ಕೆ ಕೊಡಬಹುದು. ಆಡಿ ಮುಗಿದ ಮೇಲೆ ಮಾರಬಹುದು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದು ಹೋದರೆ ಹಳೆಯದನ್ನು ತೆಗೆದುಕೊಂಡು ಮೇಲೆ ಒಂದಿಷ್ಟು ದುಡ್ಡು ಪಡೆದು ಇನ್ನೊಂದು ಕೊಡುವ ಅಂಗಡಿಯವರು ಸಿಗುತ್ತಿದ್ದರು. ಹೊರದೇಶದವರಿಗೆ ಇದು ಚಿಲ್ಲರೆ ವ್ಯಾಪಾರ ಅನ್ನಿಸಬಹುದು. ನಮ್ಮಂಥ ಸಂಬಳದವರು ಇಷ್ಟು ವರ್ಷ ಆಟ ಆಡಿದ್ದೇ ಈ ಕೊಡು-ಕೊಳ್ಳುವಿಕೆಯ ಮೇಲೆ. ಪಿಎಸ್5ರ ಒಂದು ದೊಡ್ಡ ಆಟಕ್ಕೆ 4,999 ರೂಪಾಯಿ. ಮೂರು ವಾರದಲ್ಲಿ ಮುಗಿಸಿ 3,500ಕ್ಕೆ ಮಾರಿದರೆ ನನಗೆ ಬಿದ್ದದ್ದು ಒಂದೂವರೆ ಸಾವಿರ. ನನ್ನಿಂದ ಕೊಂಡವನು ಅದನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ. ಒಂದು ಡಿಸ್ಕು ನಾಲ್ಕು ಮನೆ ಊಟ ಹಾಕುತ್ತದೆ.

2021ರ ಫೆಬ್ರುವರಿಯಲ್ಲಿ ಪಿಎಸ್5 ಇಲ್ಲಿ ಬಿಡುಗಡೆಯಾದಾಗ ಎರಡು ಮಾದರಿಗಳಿದ್ದವು. ಡಿಸ್ಕ್ ಹಾಕಲು ಬರುವುದಕ್ಕೆ 49,990, ಡಿಸ್ಕ್ ಇಲ್ಲದ 'ಡಿಜಿಟಲ್' ಮಾದರಿಗೆ 39,990. ಅಂದರೆ ಗೋಡೆಯಲ್ಲಿನ ಒಂದು ಸೀಳಿಗೆ ಹತ್ತು ಸಾವಿರ. ನಾನು ಸೀಳಿರುವುದನ್ನೇ ತಂದೆ. "ಹತ್ತು ಸಾವಿರ ಉಳೀತಿತ್ತು" ಎಂದು ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ಅವಳಿಗೆ ಲೆಕ್ಕ ಬರೆದು ತೋರಿಸಿದ್ದೇನೆ: ಐದಾರು ಡಿಸ್ಕು ಮಾರಿದರೆ ಆ ಸೀಳಿನ ಸಾಲ ತೀರಿತು, ಮುಂದಿನದೆಲ್ಲ ಲಾಭ. ಡಿಜಿಟಲ್ ಮಾದರಿಯವನಿಗೆ ಅಂಗಡಿ ಒಂದೇ, ಅದು ಮಷೀನು ಮಾಡಿದ ಕಂಪನಿಯ ಅಂಗಡಿ. ಅಲ್ಲಿ ಚೌಕಾಸಿ ಇಲ್ಲ, ಹಳೆಯದು ಕೊಡುವ ಹಾಗಿಲ್ಲ.

ಈಗ ಆ ಸೀಳನ್ನೂ ಮುಚ್ಚುತ್ತಿದ್ದಾರೆ. 2024ರ ನವೆಂಬರಿನಲ್ಲಿ ಬಂದ ಪಿಎಸ್5 ಪ್ರೋಗೆ ಡಿಸ್ಕ್ ಡ್ರೈವೇ ಇಲ್ಲ, ಬೇಕಾದರೆ ಬೇರೆ ಕೊಳ್ಳಬೇಕು. (ಆಗ ಅದು ನಮ್ಮ ದೇಶಕ್ಕೆ ಬರಲೇ ಇಲ್ಲ. ಅದರ ವೈ-ಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ಒಮ್ಮೊಮ್ಮೆ ಸರಕಾರದ ನಿಧಾನವೂ ಜೇಬಿಗೆ ಒಳ್ಳೆಯದು.) ಹಾಗೆ ಬೇರೆಯಾಗಿ ಕೊಂಡ ಡ್ರೈವನ್ನು ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕು, ಕಂಪನಿಯ ಸರ್ವರ್ 'ಹೂಂ' ಅನ್ನಬೇಕು. 2025ರಲ್ಲಿ ನಿಂಟೆಂಡೊ ಸ್ವಿಚ್ 2ರ ಜೊತೆ ಇನ್ನೊಂದು ಹೊಸ ಪದ್ಧತಿ ತಂದಿತು, ಗೇಮ್-ಕೀ ಕಾರ್ಡ್. ಅಂಗಡಿಯಲ್ಲಿ ಪೆಟ್ಟಿಗೆ ಸಿಗುತ್ತದೆ, ಪೆಟ್ಟಿಗೆಯಲ್ಲಿ ಕಾರ್ಡೂ ಇರುತ್ತದೆ, ಕಾರ್ಡಿನಲ್ಲಿ ಆಟ ಮಾತ್ರ ಇರುವುದಿಲ್ಲ. ಅದು ಬರೀ ಕೀಲಿಕೈ, ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಆ ಕಾರ್ಡನ್ನು ಇನ್ನೊಬ್ಬರಿಗೆ ಮಾರಬಹುದು ಎಂಬುದೊಂದೇ ಸಮಾಧಾನ. ಇಳಿಸಿಕೊಡುವ ಸರ್ವರ್ ಇರುವವರೆಗೆ.

ಪಿಸಿಯಲ್ಲಿ ಆಡುವವರಿಗೆ ಇದೆಲ್ಲ ಯಾವಾಗಲೋ ಆಗಿಹೋಗಿದೆ. ಅಲ್ಲಿ ಡಿಸ್ಕ್ ಸತ್ತು ಹತ್ತು ವರ್ಷದ ಮೇಲಾಯಿತು. ಎಲ್ಲರೂ ಸ್ಟೀಮ್‌ನಲ್ಲಿ ಕೊಳ್ಳುತ್ತೇವೆ. 2024ರ ಅಕ್ಟೋಬರಿನಲ್ಲಿ ಸ್ಟೀಮ್‌ನ ದುಡ್ಡು ಕಟ್ಟುವ ಪುಟದಲ್ಲಿ ಒಂದು ಹೊಸ ಸಾಲು ಕಾಣಿಸಿಕೊಂಡಿತು: ಡಿಜಿಟಲ್ ವಸ್ತುವನ್ನು ಕೊಂಡರೆ ಸಿಗುವುದು ಅದನ್ನು ಬಳಸುವ ಲೈಸೆನ್ಸ್ ಎಂಬ ಅರ್ಥದ್ದು. ಕ್ಯಾಲಿಫೋರ್ನಿಯಾ ರಾಜ್ಯ ಆಗಷ್ಟೇ ಒಂದು ಕಾನೂನು ಮಾಡಿತ್ತು. 2025ರ ಜನವರಿ 1ರಿಂದ, ಮಾರುವವರು ಕೊಡುತ್ತಿರುವುದು ಲೈಸೆನ್ಸ್ ಮಾತ್ರವಾಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದ ಬಳಸುವಂತಿಲ್ಲ. ಕಾನೂನು ಅಷ್ಟನ್ನೇ ಹೇಳುತ್ತದೆ. ಕಿತ್ತುಕೊಳ್ಳಬೇಡಿ ಅನ್ನುವುದಿಲ್ಲ, ಕಿತ್ತುಕೊಳ್ಳಬಹುದು ಎಂದು ಮೊದಲೇ ಹೇಳಿಬಿಡಿ ಅನ್ನುತ್ತದೆ.

ಅಮೆರಿಕದ ಹುಡುಗರು ಈ ಸಾಲು ನೋಡಿ ಗಾಬರಿಯಾದರು. ನನಗೆ ನಗು ಬಂತು. ಮುಂಬಯಿಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಈ ಶಬ್ದ ಹಳೆಯ ನೆಂಟ. ಊರ ಕಡೆ ನಾವು ಬಾಡಿಗೆ ಕರಾರು ಅನ್ನುತ್ತೇವೆ. ಇಲ್ಲಿ ಅದು 'ಲೀವ್ ಅಂಡ್ ಲೈಸೆನ್ಸ್'. ಕಾಗದದಲ್ಲಿ ಮಾಲೀಕ 'ಲೈಸೆನ್ಸರ್', ನೀವು 'ಲೈಸೆನ್ಸೀ'. ಬಾಡಿಗೆದಾರ ಎಂಬ ಪದ ಅಪ್ಪಿತಪ್ಪಿಯೂ ನುಸುಳದ ಹಾಗೆ ವಕೀಲರು ಕಾಯುತ್ತಾರೆ, ಏಕೆಂದರೆ ಬಾಡಿಗೆದಾರನಿಗೆ ಹಕ್ಕುಗಳಿವೆ. ಲೈಸೆನ್ಸ್ ಅಂದರೆ ಏನೆಂದು 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮು ಹೇಳಿಟ್ಟಿದೆ: ಇನ್ನೊಬ್ಬರ ಸ್ಥಿರಾಸ್ತಿಯಲ್ಲಿ ಏನನ್ನಾದರೂ ಮಾಡಲು ಸಿಕ್ಕ ಅನುಮತಿ, ಆಸ್ತಿಯಲ್ಲಿ ಪಾಲಲ್ಲ. ಅನುಮತಿ ಇಲ್ಲದಿದ್ದರೆ ನೀವು ಅಲ್ಲಿರುವುದೇ ಅಪರಾಧ. ಅವಧಿ ಮುಗಿದ ಮೇಲೂ ಬಿಡದಿದ್ದರೆ ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ ಪ್ರಕಾರ ಎರಡು ಪಟ್ಟು ದಂಡ. ಹನ್ನೊಂದು ತಿಂಗಳಿಗೊಮ್ಮೆ ಸಹಿ, ಬ್ರೋಕರ್‌ಗೆ ಮತ್ತೆ ಒಂದು ತಿಂಗಳ ಬಾಡಿಗೆ. ಇಪ್ಪತ್ತು ವರ್ಷ ಈ ಊರಿನಲ್ಲಿ ಲೈಸೆನ್ಸೀ ಆಗಿ ಬಾಳಿದವನಿಗೆ ಸ್ಟೀಮ್‌ನ ಆ ಸಾಲು ತಿಳಿಯಲು ಯಾರ ಸಹಾಯವೂ ಬೇಕಿಲ್ಲ. ಒಂದೇ ವ್ಯತ್ಯಾಸ. ಇಲ್ಲಿ ಮನೆ ಬಿಡುವಾಗ ಬಣ್ಣದ ಖರ್ಚು ಹಿಡಿದುಕೊಂಡಾದರೂ ಡಿಪಾಸಿಟ್ಟು ವಾಪಸು ಕೊಡುತ್ತಾರೆ.

ಈ ಮಾತನ್ನು ನಾನು ಇಷ್ಟು ಎಳೆಯುತ್ತಿರುವುದು ಡಿಸ್ಕಿನ ಐದು ಸಾವಿರಕ್ಕಲ್ಲ.

ನನಗೊಬ್ಬ ಅಣ್ಣ ಇದ್ದಾನೆ. ನವಲಗುಂದದ ಕಡೆ ನಮ್ಮೂರು, ಎರಿ ಭೂಮಿ. ಅಣ್ಣ ಹೊಲ ನೋಡಿಕೊಂಡು ಅವ್ವನ ಜೊತೆ ಅಲ್ಲೇ ಉಳಿದ. ಹೈಸ್ಕೂಲಿಗೆ ಇಬ್ಬರೂ ಹುಬ್ಬಳ್ಳಿಯ ಅತ್ತೆಯ ಮನೆಯಲ್ಲಿದ್ದೆವು. ಆಗ ಓಣಿಯ ತುದಿಯಲ್ಲಿ ಒಬ್ಬರು ಟಿವಿಗೆ ಜೋಡಿಸುವ ವಿಡಿಯೋ ಗೇಮ್ ಇಟ್ಟು ಗಂಟೆಗಿಷ್ಟು ಅಂತ ಬಾಡಿಗೆಗೆ ಆಡಿಸುತ್ತಿದ್ದರು. ಜಪಾನಿನ ಅಸಲಿ ಮಷೀನಿನ ನಕಲು, ಹಳದಿ ಕ್ಯಾಸೆಟ್ಟು, ಮೇಲೆ ಲಕ್ಷಾಂತರ ಆಟ ಇವೆ ಎಂಬ ಸುಳ್ಳು. ನಮ್ಮ ತಲೆಮಾರಿನ ಎಷ್ಟೋ ಜನ ಆಟ ಕಲಿತದ್ದೇ ಇಂಥ ನಕಲಿ ಮಾಲಿನಿಂದ. ಕಾಂಟ್ರಾದಲ್ಲಿ ಅಣ್ಣ ಮೊದಲನೇ ಆಟಗಾರ, ನಾನು ಎರಡನೆಯವನು. ನನ್ನ ಜೀವಗಳು ಖಾಲಿಯಾದರೆ ಅವನ ಜೀವದಿಂದ ಒಂದನ್ನು ಕಡ ತೆಗೆದುಕೊಳ್ಳಲು ಬರುತ್ತಿತ್ತು. ಅವನು "ತಗೋ" ಅನ್ನುವ ಮೊದಲೇ ನಾನು ತೆಗೆದುಕೊಂಡಿರುತ್ತಿದ್ದೆ.

ನಾನು ಮುಂಬಯಿಗೆ ಬಂದ ಮೇಲೆ ನಮ್ಮಿಬ್ಬರ ಮಾತು ಫೋನಿನಲ್ಲಿ ಹೀಗೆ ನಡೆಯುತ್ತಿತ್ತು: "ಊಟಾತ?" "ಆತು. ನಿಂದು?" "ಆತು. ಮಳಿ?" "ಇಲ್ಲ." "ಅವ್ವ?" "ಆರಾಮ ಅದಾಳ." ಹದಿನೈದು ವರ್ಷ ಇಷ್ಟೇ. ಜಗಳವಿರಲಿಲ್ಲ, ಮಾತಾಡುವ ರೂಢಿ ತಪ್ಪಿತ್ತು.

2020ರ ಲಾಕ್‌ಡೌನಿನಲ್ಲಿ ಒಂದು ಆನ್‌ಲೈನ್ ಆಟಕ್ಕೆ ಅವನನ್ನು ಸೇರಿಸಿದೆ. ಆಟದ ಹೆಸರು, ಕಂಪನಿಯ ಹೆಸರು ಬೇಡ. ಅದು ಮಾಡಿದ್ದನ್ನು ಇನ್ನೂ ಎಷ್ಟೋ ಕಂಪನಿಗಳು ಮಾಡಿವೆ. ಒಂದು ದ್ವೀಪ, ಅಲ್ಲೊಂದು ಹಳ್ಳಿ, ನೀವು ಜಾಗ ಹಿಡಿದು ಮನೆ ಕಟ್ಟಿ, ಮೀನು ಹಿಡಿದು, ನೆರೆಯವರ ಜೊತೆ ಸಾಮಾನು ಬದಲಿಸಿಕೊಂಡು ಇರಬೇಕು. ಕೊಲ್ಲುವುದು, ಗೆಲ್ಲುವುದು ಇಲ್ಲ. ನನ್ನ ಹಳೆಯ ಆಫೀಸ್ ಲ್ಯಾಪ್‌ಟಾಪನ್ನು ಲಾಕ್‌ಡೌನ್ ಸಡಿಲವಾದ ಮೇಲೆ ಊರಿಗೆ ಹೋದಾಗ ಅವನಿಗೆ ಬಿಟ್ಟು ಬಂದಿದ್ದೆ. ಶನಿವಾರ ರಾತ್ರಿ ಒಂಬತ್ತೂವರೆಗೆ ಇಬ್ಬರೂ ಒಳಗೆ ಹೋಗುತ್ತಿದ್ದೆವು. ಜಾಗ ಆರಿಸುವಾಗ ಅಣ್ಣ ಅರ್ಧ ಗಂಟೆ ತಿರುಗಿ ಹೊಳೆಯ ದಂಡೆಯದನ್ನೇ ಹಿಡಿದ. "ನೀರಾವರಿ ಐತಿ" ಅಂದ. ಆಮೇಲೆ ಕೇಳಿದ: "ಇದರ ಉತಾರ ಯಾರ ಹೆಸರಿಲೆ ಐತಿ?"

ನಮ್ಮ ಕಡೆ ಪಹಣಿಗೆ ಉತಾರ ಅನ್ನುತ್ತಾರೆ. ಹೊಲ ಯಾರ ಹೆಸರಿನಲ್ಲಿದೆ ಎಂದು ಹೇಳುವ ಕಾಗದ. ನಾನು ನಕ್ಕು, "ನಿನ್ನ ಹೆಸರಿಲೇನ ಅಣ್ಣಾ" ಅಂದೆ.

ಮೀನು ಹಿಡಿಯುತ್ತ ಕೂತರೆ ಕೈಗೆ ಕೆಲಸವಿರುತ್ತದೆ, ಕಣ್ಣಿಗೆ ನೀರು ಕಾಣುತ್ತಿರುತ್ತದೆ. ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಪ್ಪ ಮಾಡಿಟ್ಟ ಸಾಲ ಎಷ್ಟಿತ್ತು, ಅದನ್ನು ಅವನು ಹೇಗೆ ತೀರಿಸಿದ, ನನ್ನ ಇಂಜಿನಿಯರಿಂಗ್ ಫೀಸಿಗೆ ಯಾವ ಎತ್ತು ಮಾರಿದರು, ಇವೆಲ್ಲ ನನಗೆ ಗೊತ್ತಾದದ್ದು ಆ ಹೊಳೆಯ ದಂಡೆಯಲ್ಲಿ. ಎದುರುಬದುರು ಕೂತರೆ ಅಣ್ಣ ಇದನ್ನು ಸಾಯುವವರೆಗೂ ಹೇಳುತ್ತಿರಲಿಲ್ಲ.

2019ರ ಆಗಸ್ಟಿನ ಮಳೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮಣ್ಣಿನ ಮನೆಗಳು ಕುಸಿದವು, ನಮ್ಮದೂ ಹೋಯಿತು. ಆ ಜಾಗದಲ್ಲಿ ಈಗ ಸಿಮೆಂಟಿನ ಎರಡು ಕೋಣೆ ಇವೆ. ಅಣ್ಣ ಆ ದ್ವೀಪದಲ್ಲಿ ಕಟ್ಟಿದ್ದು ಬಿದ್ದುಹೋದ ಹಳೆಯ ಮನೆಯನ್ನು. ಆಟ ಕೊಡುವ ತುಂಡುಗಳಲ್ಲೇ ಹೊಂದಿಸಿ ಪಡಸಾಲೆ, ಅಡುಗೆಮನೆ, ದನಗಳ ಗ್ವಾದಲಿ, ಮುಂದೆ ಕಟ್ಟೆ, ಎಲ್ಲ ಮಾಡಿದ. ಎಂಟು ತಿಂಗಳು ಹಿಡಿಯಿತು. ಒಮ್ಮೆ ಅವ್ವ ಅವನ ಬೆನ್ನ ಹಿಂದೆ ನಿಂತು ನೋಡಿ, "ಬೆಳಕಿಂಡಿ ಈ ಮಗ್ಗಲಕ್ಕಿತ್ತಲ್ಲೋ" ಅಂದಳು. ಅವನು ಜರುಗಿಸಿದ. ಅವ್ವ ಆಮೇಲೆ ಆಗಾಗ ಬಂದು, ಅಲ್ಲಿ ಬೀಸುವ ಕಲ್ಲು ಇಡು, ಇಲ್ಲಿ ಹಗೇವಿನ ಬಾಯಿ ಇತ್ತು ಎಂದು ಹೇಳತೊಡಗಿದಳು. ಬೀಸುವ ಕಲ್ಲು ಆಟದ ಅಂಗಡಿಯಲ್ಲಿತ್ತು, ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ಮೂರು ವರ್ಷದಲ್ಲಿ ಇಬ್ಬರೂ ಸೇರಿ ಆರು ಸಾವಿರ ಖರ್ಚು ಮಾಡಿರಬಹುದು.

2023ರಲ್ಲಿ ನೋಟಿಸು ಬಂತು, ಅರವತ್ತು ದಿನಗಳ ನಂತರ ಸೇವೆ ನಿಲ್ಲುತ್ತದೆ ಎಂದು. ಬಾಡಿಗೆಯ ಮನೆ ಬಿಡಿಸಲು ನಮ್ಮ ಓನರ್ ಮೂವತ್ತು ದಿನ ಕೊಡುತ್ತಾನೆ, ಇವರು ಅವನಿಗಿಂತ ಉದಾರಿಗಳು. ಆಟದೊಳಗಿನ ಅಂಗಡಿ ಮಾತ್ರ ಕೊನೆಯ ವಾರದವರೆಗೆ ತೆರೆದೇ ಇತ್ತು. ಕೊನೆಯ ರಾತ್ರಿ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಅಕ್ಕಪಕ್ಕದ ಮನೆಯವರು ಪಟಾಕಿ ಹಾರಿಸುತ್ತಿದ್ದರು. ಅಣ್ಣ ದೀಪಗಳನ್ನೆಲ್ಲ ಹಚ್ಚಿಟ್ಟಿದ್ದ. ಹನ್ನೆರಡೂವರೆಗೆ ಪರದೆ ಕಪ್ಪಾಗಿ, ಲಾಗಿನ್ ಪುಟ ಬಂದು, ಸರ್ವರ್ ಸಿಗುತ್ತಿಲ್ಲ ಅಂದಿತು. ನನ್ನ ಬಳಿ ಹದಿನಾಲ್ಕು ಸ್ಕ್ರೀನ್‌ಶಾಟ್ ಇವೆ. ಮನೆ ಬಿದ್ದಾಗ ಜಂತಿ ಕಟ್ಟಿಗೆಯಾದರೂ ಉಳಿದಿತ್ತು, ದನದ ಕೊಟ್ಟಿಗೆಗೆ ಹಾಕಿದೆವು.

ಮುಂದಿನ ಶನಿವಾರ ಫೋನು ಮಾಡಿದೆ. "ಊಟಾತ?" "ಆತು."

ನಮ್ಮದು ಸಣ್ಣ ಆಟ, ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಸುದ್ದಿಯಾದದ್ದು ಯೂಬಿಸಾಫ್ಟ್‌ನ 'ದ ಕ್ರೂ'. 2014ರ ಡಿಸೆಂಬರಿನಲ್ಲಿ ಬಂದ ಕಾರಿನ ಆಟ, ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಕಾರು ಓಡಿಸಿಕೊಂಡು ಹೋಗಬಹುದಿತ್ತು. ಒಬ್ಬರೇ ಆಡಿದರೂ ಸರ್ವರ್ ಬೇಕೇ ಬೇಕು ಎನ್ನುವ ಹಾಗೆ ಅದನ್ನು ಕಟ್ಟಿದ್ದರು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಡಿಸ್ಕ್ ಕೊಂಡವರ ಡಿಸ್ಕ್ ಕೂಡ ಅಂದಿನಿಂದ ಬರೀ ತಟ್ಟೆ. ಅದಾದ ಮೇಲೆ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಶುರು ಮಾಡಿದರು. ಯುರೋಪಿಯನ್ ಒಕ್ಕೂಟಕ್ಕೆ ಕೊಡುವ ನಾಗರಿಕರ ಮನವಿಗೆ ಸಹಿ ಸಂಗ್ರಹ 2025ರ ಜುಲೈ ಕೊನೆಗೆ ಮುಗಿಯುವ ಹೊತ್ತಿಗೆ ಬೇಕಿದ್ದ 10 ಲಕ್ಷದ ಗಡಿ ದಾಟಿತ್ತು. ನಾವು ಇಲ್ಲಿಂದ ಸಹಿ ಹಾಕುವಂತಿರಲಿಲ್ಲ, ಸುಮ್ಮನೆ ಎಣಿಕೆ ನೋಡುತ್ತ ಕೂತೆ, ಚುನಾವಣೆಯ ಫಲಿತಾಂಶ ನೋಡುವ ಹಾಗೆ.

ಅವರು ಕೇಳುತ್ತಿರುವುದು ಸರ್ವರನ್ನು ಕೊನೆಯವರೆಗೂ ನಡೆಸಿ ಎಂದಲ್ಲ. ಇದನ್ನು ಬೇಕೆಂದೇ ತಿರುಚಿ ಹೇಳುವವರಿದ್ದಾರೆ. ನಷ್ಟದಲ್ಲಿರುವ ಆಟವನ್ನು ನಡೆಸಲು ದುಡ್ಡು ಬೇಕು, ಆಟದಲ್ಲಿನ ಹಾಡು, ಕಾರಿನ ಬ್ರಾಂಡುಗಳ ಪರವಾನಗಿ ಮುಗಿಯುತ್ತದೆ, ಅದು ನಿಜ. ಅಂಗಡಿ ಮುಚ್ಚುವ ಹಕ್ಕು ಅಂಗಡಿಯವನಿಗಿದೆ. ಆದರೆ ಅಂಗಡಿ ಮುಚ್ಚುವಾಗ ನಾನು ಹಿಂದೆ ಕೊಂಡುಹೋದ ಕುಕ್ಕರನ್ನು ನನ್ನ ಅಡುಗೆಮನೆಗೆ ಬಂದು ಎತ್ತಿಕೊಂಡು ಹೋಗುವ ಹಕ್ಕಿಲ್ಲ. ನಿಲ್ಲಿಸುವ ಮುನ್ನ ಸರ್ವರ್ ಇಲ್ಲದೆ ನಡೆಯುವ ಹಾಗೆ ಒಂದು ಬದಲಾವಣೆ ಮಾಡಿ, ಇಲ್ಲವೇ ಸರ್ವರಿನ ತಂತ್ರಾಂಶವನ್ನು ಆಡುವವರ ಕೈಗೆ ಕೊಟ್ಟು ಹೋಗಿ. ಬೇಡಿಕೆ ಇಷ್ಟೇ.

ಆಗುವುದಿಲ್ಲ ಎನ್ನುವವರಿಗೆ ಉದಾಹರಣೆಗಳಿವೆ. 'ನಾಕೌಟ್ ಸಿಟಿ' ಮಾಡಿದ ವೇಲನ್ ಸ್ಟುಡಿಯೋಸ್ 2023ರಲ್ಲಿ ಆಟ ನಿಲ್ಲಿಸುವಾಗ, ಆಡುವವರು ತಾವೇ ಸರ್ವರ್ ನಡೆಸಿಕೊಳ್ಳುವ ಆವೃತ್ತಿಯನ್ನು ಪಿಸಿಗೆ ಬಿಟ್ಟುಹೋಯಿತು. ನಿಂಟೆಂಡೊ 2024ರ ಕೊನೆಗೆ 'ಅನಿಮಲ್ ಕ್ರಾಸಿಂಗ್: ಪಾಕೆಟ್ ಕ್ಯಾಂಪ್' ಎಂಬ ಮೊಬೈಲ್ ಆಟವನ್ನು ನಿಲ್ಲಿಸಿ, ಒಮ್ಮೆ ದುಡ್ಡು ಕೊಟ್ಟರೆ ಸಾಕಾಗುವ ಆವೃತ್ತಿ ತಂದಿತು, ಹಳೆಯ ಆಟದಲ್ಲಿ ಜನ ಕೂಡಿಟ್ಟಿದ್ದನ್ನು ಅದಕ್ಕೆ ಸಾಗಿಸಿಕೊಳ್ಳಲು ಬರುತ್ತಿತ್ತು. ಗೂಗಲ್ ತನ್ನ ಸ್ಟೇಡಿಯಾವನ್ನು 2023ರ ಜನವರಿಯಲ್ಲಿ ಮುಚ್ಚಿದಾಗ ಅದರ ಅಂಗಡಿಯಲ್ಲಿ ಕೊಂಡ ಆಟಗಳ ದುಡ್ಡು ವಾಪಸು ಕೊಟ್ಟಿತು, ಅದರ ಕಂಟ್ರೋಲರನ್ನು ಬ್ಲೂಟೂತ್‌ನಲ್ಲಿ ಬೇರೆ ಕಡೆ ಬಳಸುವ ಹಾಗೆ ಬೀಗವನ್ನೂ ತೆಗೆಯಿತು. ಯೂಬಿಸಾಫ್ಟ್ ಕೂಡ ಅಷ್ಟು ಗಲಾಟೆಯಾದ ಮೇಲೆ 'ದ ಕ್ರೂ 2'ಕ್ಕೆ ಆಫ್‌ಲೈನ್ ಆಡುವ ದಾರಿ ಮಾಡಿಕೊಟ್ಟಿತು. ಮನಸ್ಸಿದ್ದರೆ ಆಗುತ್ತದೆ. ಅಥವಾ 10 ಲಕ್ಷ ಸಹಿ ಇದ್ದರೆ.

ಆಟಕ್ಕೆ ಇಷ್ಟೇಕೆ ರಂಪ ಅನ್ನುವವರಿಗೆ ನಾನು ಸತಿ ಸುಲೋಚನಾ ನೆನಪಿಸುತ್ತೇನೆ. 1934ರ ನಮ್ಮ ಮೊದಲ ಕನ್ನಡ ಟಾಕಿ, ಇಲ್ಲೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ತಯಾರಾದದ್ದು. ಇಂದು ಅದರ ಪ್ರಿಂಟ್ ಇಲ್ಲ. ಸಿನಿಮಾ ಬಯಲಾಟದಷ್ಟೇ ಹಗುರ, ಕಾಪಿಡುವ ವಸ್ತುವಲ್ಲ ಎಂದು ಆಗಿನವರಿಗೂ ಅನ್ನಿಸಿರಬೇಕು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿದಾಗ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ 87 ಶೇಕಡಾ ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಆ ಕಾಲದವು ಡಿಸ್ಕಿನಲ್ಲೋ ಕ್ಯಾಸೆಟ್ಟಿನಲ್ಲೋ ಇದ್ದವು, ಯಾರದೋ ಅಟ್ಟದಲ್ಲಿ ಸಿಕ್ಕಾವು. ಸರ್ವರಿನಲ್ಲೇ ಹುಟ್ಟಿ ಸರ್ವರಿನಲ್ಲೇ ಹೋದವುಗಳಿಗೆ ಅಟ್ಟವೇ ಇಲ್ಲ.

ಕೊನೆಗೆ ವಾರಸಾ ವಿಷಯ ಒಂದಿದೆ. ಸ್ಟೀಮ್ ಖಾತೆಯನ್ನು ಇನ್ನೊಬ್ಬರ ಹೆಸರಿಗೆ ಮಾಡುವಂತಿಲ್ಲ, ಉಯಿಲಿನಲ್ಲಿ ಬರೆದಿಟ್ಟರೂ ಆಗದು ಎಂದು ಅವರ ಸಹಾಯ ವಿಭಾಗ ಒಬ್ಬರಿಗೆ ಕೊಟ್ಟ ಉತ್ತರ 2024ರಲ್ಲಿ ಸುದ್ದಿಯಾಗಿತ್ತು. ನನ್ನ ಮಗನಿಗೆ ಹದಿಮೂರು. ನನ್ನ ನಂತರ ಈ ಐವತ್ತಾರು ಡಿಸ್ಕು ಅವನದು. ಬೇಡವಾದರೆ ಲ್ಯಾಮಿಂಗ್ಟನ್ ರೋಡಿಗೆ ಒಯ್ದು ಮಾರಲಿ. ಸ್ಟೀಮ್‌ನಲ್ಲಿರುವ ಇನ್ನೂರಕ್ಕೂ ಹೆಚ್ಚು ಆಟ ಮಾತ್ರ ನನ್ನ ಜೊತೆಗೇ ಚಿತೆ ಏರಬೇಕು. ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದಿಟ್ಟರೆ ಯಾರಿಗೆ ತಿಳಿಯುತ್ತದೆ ಅನ್ನುತ್ತಾನೆ ಮಗ. ಹೌದು, ಅದೂ ಒಂದು ದಾರಿ.

ಕಳೆದ ಡಿಸೆಂಬರಿನಲ್ಲಿ ಅಣ್ಣನ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಲೆಂದು ಅಂಗಡಿಗೆ ಹೋದೆ. ವರ್ಷದ ನಡುವೆ ಕೇಳಿದ್ದ ಬೆಲೆ ಎರಡು ಪಟ್ಟು ದಾಟಿತ್ತು. ಮೆಮೊರಿ ಚಿಪ್ ಮಾಡುವ ಕಂಪನಿಗಳೆಲ್ಲ ಎಐ ಡೇಟಾ ಸೆಂಟರುಗಳ ಕಡೆ ಮುಖ ಮಾಡಿವೆ. ಮೈಕ್ರಾನ್ ಅಂತೂ ಸಾಮಾನ್ಯ ಗ್ರಾಹಕರಿಗಿದ್ದ ತನ್ನ ಕ್ರೂಶಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ ಅದೇ ತಿಂಗಳು ಸಾರಿತು. ಅಂಗಡಿಯ ಹುಡುಗ, "ಸಾಬ್, ಸೋನಾ ಲೇ ಲೋ, ಸಸ್ತಾ ಪಡೇಗಾ" ಅಂದ. ರ‍್ಯಾಮ್ ಬಿಟ್ಟು ಬಂದೆ. ಇರುವ 4 ಜಿಬಿಯಲ್ಲೇ ಓಡುವ ಆಟ ಹುಡುಕಿದೆ, ಜೊತೆಗೆ ಯಾರೂ ಕಿತ್ತುಕೊಳ್ಳಲಾಗದ್ದು.

'ಸ್ಟಾರ್‌ಡ್ಯೂ ವ್ಯಾಲಿ' ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಆಟ. ಅಜ್ಜನ ಹಾಳುಬಿದ್ದ ಹೊಲವನ್ನು ಹಸನು ಮಾಡುವುದು ಅದರ ಕತೆ. ಗಾಗ್ ಎಂಬ ಅಂಗಡಿಯಲ್ಲಿ ಕೊಂಡೆ. ಅಲ್ಲಿ ಬೀಗವಿಲ್ಲದ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಳ್ಳಬಹುದು, ಅಂಗಡಿ ನಾಳೆ ಮುಚ್ಚಿದರೂ ಫೈಲು ನಮ್ಮಲ್ಲಿರುತ್ತದೆ. ಇಬ್ಬರಿಗೆ ಎರಡು ಪ್ರತಿ, ಒಂದೊಂದಕ್ಕೂ ಐದುನೂರರ ಒಳಗೇ ಬಿತ್ತು. ಇಬ್ಬರೂ ಕೂಡಿ ಆಡುವ ಹೊಲದ ದಾಖಲೆ ಯಾವ ಕಂಪನಿಯ ಸರ್ವರಿನಲ್ಲೂ ಇಲ್ಲ, ಹೊಲ ತೆರೆದವರ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿದೆ. ನಾನು ಅಣ್ಣನಿಗೇ ತೆರೆಯಲು ಹೇಳಿದೆ.

ಅವನು ಈ ಸಲ ಹೊಲ ನೋಡುವ ಮೊದಲೇ ಕೇಳಿದ. "ಇದರದು?"

"ಫೈಲ್ ನಿನ್ನ ಲ್ಯಾಪ್‌ಟಾಪಿನ್ಯಾಗ ಐತಿ ಅಣ್ಣಾ. ಪೆನ್‌ಡ್ರೈವಿಗೆ ಒಂದು ಕಾಪಿ ಹಾಕಿ ಇಟ್ಟುಬಿಡು."

ಹಾಕಿಟ್ಟ. ಸಂಕ್ರಾಂತಿಗೆ ಊರಿಗೆ ಹೋದಾಗ ನೋಡಿದೆ. ಹೊಲದ ಉತಾರ, ಸೊಸೈಟಿಯ ಸಾಲದ ಕಾಗದ, ಅಪ್ಪನ ಡೆತ್ ಸರ್ಟಿಫಿಕೇಟ್ ಇರುವ ತಗಡಿನ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲ ಸುತ್ತಿ ಪೆನ್‌ಡ್ರೈವ್ ಇಟ್ಟಿದ್ದಾನೆ.

ಶನಿವಾರ ಈಗ ಮತ್ತೆ ಒಂಬತ್ತೂವರೆಗೆ. ಈ ಆಟದಲ್ಲಿ ಮನೆಯನ್ನು ನಮಗೆ ಬೇಕಾದ ಹಾಗೆ ಗೋಡೆ ಎಬ್ಬಿಸಿ ಕಟ್ಟಲು ಬರುವುದಿಲ್ಲ, ಅವ್ವನಿಗೆ ಹೇಳಲು ಏನೂ ಇಲ್ಲ. ಒಂದೆರಡು ಸಲ ಬಂದು ನೋಡಿ ಟಿವಿ ಮುಂದೆ ಹೋಗಿ ಕೂತಳಂತೆ. ಅಣ್ಣನಿಗೆ ಮಾತ್ರ ಇಲ್ಲಿನ ಮಾರುಕಟ್ಟೆಯದೇ ಬೆರಗು. ಎಷ್ಟು ಬೆಳೆದರೂ, ಎಷ್ಟು ಒಮ್ಮೆಲೇ ಮಾರಿದರೂ ಬೆಲೆ ಬೀಳುವುದಿಲ್ಲ. "ಎಂಥಾ ಸುಳ್ಳು ಆಟಲೇ ಇದು, ರೈತಗ ಲಾಸೇ ಇಲ್ಲ" ಅನ್ನುತ್ತಾನೆ. ನಮ್ಮದೀಗ ಎರಡನೇ ವರ್ಷದ ಶರತ್ಕಾಲ, ಕುಂಬಳ ಹಾಕಿದ್ದೇವೆ. ಮೊನ್ನೆ ಉಳ್ಳಾಗಡ್ಡಿ ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಇಲ್ಲಿ ಉಳ್ಳಾಗಡ್ಡಿ ಬಿತ್ತಲು ಬರುವುದಿಲ್ಲ, ವಸಂತದಲ್ಲಿ ಕಾಡಿನೊಳಗೆ ತಾನಾಗಿ ಹುಟ್ಟಿದ್ದನ್ನು ಕಿತ್ತು ತರಬೇಕು ಅಂದೆ.

"ಚಲೋ ಆತು ಬಿಡು," ಅಂದ. "ಅದೊಂದರೆ ತಾಪತ್ರಯ ಇಲ್ಲ."